ಕಹಿ ಹೋದ ಜೋಳ

"ಯವ್ವಾ, ಇವತ್ತಿನ ರೊಟ್ಟಿ ಕಹಿನೇ ಇಲ್ಲ!" ಮಗಳು ಪಾರಿ ಕುಣಿದಾಡಿದಳು. ರೊಟ್ಟಿ ಬಡಿಯುತ್ತಿದ್ದ ಹುಲಿಗೆವ್ವನ ಕೈ ನಿಂತಿತು. ಬೇವಿನೆಣ್ಣೆ ಸವರದ ಕಾಳನ್ನು ಹುಳು ಒಂದೇ ಹಗಲಲ್ಲಿ ಪುಡಿ ಮಾಡುವ ಕಾಲವದು. ಊರಿನ ಮಕ್ಕಳಾರೂ ಕಹಿಯಿಲ್ಲದ ರೊಟ್ಟಿ ತಿಂದವರಲ್ಲ.

ಹುಲಿಗೆವ್ವ ಒಂದು ಚೂರು ಬಾಯಿಗಿಟ್ಟಳು. ಬರೀ ಜೋಳದ ಸಿಹಿ. ವರ್ಷದ ಕಾಳು ತುಂಬಿಟ್ಟ ನೆಲದಡಿಯ ಹಗೇವಿನತ್ತ ಓಡಿ, ಮುಚ್ಚಿದ ಕಲ್ಲಿಗೆ ಕಿವಿಯಿಟ್ಟಳು. ಒಳಗೆ ಜೋರು ಮಳೆ ಹೊಯ್ದಂಥ ಸದ್ದು.

"ಅತ್ತಿ, ಹುಳ ಕಾಳಿಗೆ ಸವರಿದ ಬೇವನ್ನೂ ತಿನ್ನಾಕ ಕಲ್ತಾವ," ಎಂದಳು ಮರಳಿ ಬಂದು. "ಸುಗ್ಗಿ ನೋಡಿದ್ರ ಇನ್ನೂ ದೂರ ಐತಿ."

ಅತ್ತೆ ಮೊಮ್ಮಗಳ ಗಂಗಾಳವನ್ನೇ ನೋಡುತ್ತಿದ್ದಳು.

"ಮನ್ಯಾಗ ಇದ್ದ ಹಿಟ್ಟೆಲ್ಲ ಬಡಿದುಬಿಡವ್ವ. ಕೂಸು ಇವತ್ತರ ಹೊಟ್ಟಿ ತುಂಬ ಉಣ್ಣಲಿ."