ಕೂಷ್ಮಾಂಡ ಷಷ್ಠಿ

ಸೇತುಮಾಧವನ ಪಂಚಾಂಗದ ಆ್ಯಪ್‌ಗೆ ವರ್ಷಕ್ಕೆ ತೊಂಬತ್ತು ರೂಪಾಯಿ. ಪಕ್ಕದ ಬೀದಿಯ ನರಹರಿ ಅಂಥದ್ದೇ ಒಂದು ಆ್ಯಪನ್ನು ಪುಕ್ಕಟೆ ಬಿಟ್ಟ. ಅದು ಕದ್ದ ಮಾಲೆಂದು ಸೇತುಮಾಧವನಿಗೆ ಖಾತ್ರಿಯಿತ್ತು, ಸಾಕ್ಷಿ ಇರಲಿಲ್ಲ. ಅದಕ್ಕೇ ಯಾವ ಶಾಸ್ತ್ರದಲ್ಲೂ ಇಲ್ಲದ ವ್ರತವೊಂದನ್ನು ತಾನೇ ಹುಟ್ಟಿಸಿ, ಆಷಾಢದ ಒಂದು ಖಾಲಿ ದಿನಕ್ಕೆ ಸೇರಿಸಿದ: ಕೂಷ್ಮಾಂಡ ಷಷ್ಠಿ. ಹಗಲೆಲ್ಲ ನಿರಾಹಾರ; ಸಂಜೆ ಮನೆಗೆ ಬಂದವರಿಗೆ ಬೂದುಗುಂಬಳಕಾಯಿ ದಾನ ಕೊಟ್ಟ ಮೇಲೆ ಊಟ.

ವಾರದೊಳಗೆ ಅದು ನರಹರಿಯ ಆ್ಯಪಿನಲ್ಲೂ ಅಕ್ಷರ ಬಿಡದೆ ಕಾಣಿಸಿತು. ಸೇತುಮಾಧವ ಷಷ್ಠಿಯ ಸಂಜೆಯೇ ಅವನ ಮನೆಗೆ ನುಗ್ಗಿದ.

“ಕದ್ದಿದ್ದೀಯ, ಒಪ್ಕೋ.”

“ಏನ್ ಕದ್ದಿದ್ದು? ತಿಥಿ, ನಕ್ಷತ್ರ ನಿಮ್ಮಪ್ಪನ ಆಸ್ತೀನಾ?”

“ತಿಥಿ ಅಲ್ಲ ಕಣೋ. ಇವತ್ತಿನ ವ್ರತ ಇದೆಯಲ್ಲ, ಅದು...”

ಅಷ್ಟರಲ್ಲಿ ನರಹರಿಯ ತಾಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಎಂಬತ್ತರ ಮುದುಕಿ, ತುಟಿ ಒಣಗಿ ಬಿಳಿಚಿಕೊಂಡಿತ್ತು.

“ದೇವರು ಬಂದ ಹಾಗೆ ಬಂದೆಯಪ್ಪಾ! ಬೆಳಗಿಂದ ತೊಟ್ಟು ನೀರೂ ಮುಟ್ಟಿಲ್ಲ, ಡಾಕ್ಟರು ಬೈದ್ರೂ ಕೇಳಲಿಲ್ಲ. ನೀನು ದಾನ ತಗೊಂಡ್ರೆ ಒಂದು ತುತ್ತು ತಿಂತೀನಿ. ಅದೇನೋ ವ್ರತದ ಮಾತು ಆಡ್ತಿದ್ದೆಯಲ್ಲ?”

ಸೇತುಮಾಧವ ದಾನಕ್ಕೆ ಎರಡೂ ಕೈ ಚಾಚಿದ.

“ಬಹಳ ಒಳ್ಳೇ ವ್ರತ ಅಂತಿದ್ದೆ, ಅಮ್ಮಾ.”

ಕೊಟ್ಟ ಕುಂಬಳಕಾಯಿಯನ್ನು ಹೆಗಲಿಗೇರಿಸಿಕೊಂಡು ಬೀದಿಗೆ ಬಂದವನು, ಪರಿಚಯದವರು ಎದುರು ಬರುವುದನ್ನು ಕಂಡದ್ದೇ ಅದನ್ನು ಕೆಳಗಿಳಿಸಿ, ಹೆಗಲಿಗೆ ಮೆತ್ತಿದ್ದ ಬೂದಿಯನ್ನು ಒರೆಸಿಕೊಂಡ.