ಐದು ಗಜದ ಒಳಗೆ

ಟಿಕ್. ಅದರ ಬೆನ್ನಿಗೇ, ಮುಷ್ಟಿಯೊಳಗೆ ಜೀರುಂಡೆ ಹಿಡಿದಂತೆ, ಸಣ್ಣಗೆ ಗುಂಯ್.

ಅವಳಿಗೆ ನಿದ್ದೆ ಹತ್ತಿರಲಿಲ್ಲ. ಪಕ್ಕದ ದಿಂಬು ಖಾಲಿ. ಎದ್ದು ಹೆಜ್ಜೆಯಿಟ್ಟರೆ ಎಡಗಾಲಿನ ಕೀಲು ಲಟಕ್ಕೆಂದಿತು. ಕತ್ತಲಲ್ಲೇ ಗಂಡನ ದನಿ ಬಂತು:

"ಆ ಕಾಲಿಗೆ ಸ್ವಲ್ಪ ಎಣ್ಣೆಯಾದ್ರೂ ಬಿಟ್ಕೊಳ್ಳೇ. ಬಿಲ್ಡಿಂಗೆಲ್ಲ ಎದ್ದುಬಿಡುತ್ತೆ."

ಅವನು ನಡುಮನೆಯ ಕಿಟಕಿ ಸರಿಸಿ ನಿಂತಿದ್ದ. ಬಲಗಣ್ಣಿಗೆ ಒತ್ತಿಕೊಂಡದ್ದು ಹೊಸ ಲೇಸರ್ ದೂರಮಾಪಕ.

"ಈ ಹೊತ್ತಲ್ಲಿ ಏನ್ರೀ ಅದು?"

"ಅಭ್ಯಾಸ. ಭಾನುವಾರ ಗಾಲ್ಫ್ ಪಂದ್ಯ ಇದೆಯಲ್ಲ. ಆ ನೀರಿನ ಟ್ಯಾಂಕ್ ನೋಡು, ಕರೆಕ್ಟಾಗಿ ನೂರ ಎಂಬತ್ತು ಗಜ."

ಮೈದಾನದಾಚೆಯ ಕಟ್ಟಡ ಕಪ್ಪಗೆ ನಿಂತಿತ್ತು. ಒಂದು ಕಿಟಕಿಯಲ್ಲೂ ದೀಪವಿರಲಿಲ್ಲ. ಇವನು ಅಳೆಯುತ್ತಿಲ್ಲ, ಕಾಯುತ್ತಿದ್ದಾನೆ ಎಂದು ಅವಳಿಗೆ ಆಗಲೇ ಅನ್ನಿಸಿತು.

ಅನುಮಾನ ಮೊದಲು ಹುಟ್ಟಿದ್ದು ಅದನ್ನು ಕೊಂಡ ಅಂಗಡಿಯಲ್ಲಿ. ಗಾಜಿನ ಪೆಟ್ಟಿಗೆಯ ಮೇಲೆ ಮಾರಾಟಗಾರ ನಾಲ್ಕಾರು ಮಾಪಕ ಹರವಿದ್ದ. ನೆಲದ ಏರಿಳಿತವನ್ನೂ ಲೆಕ್ಕ ಹಾಕುವುದು ಒಂದು. ಹಿಂದಿನ ಮರಗಳನ್ನು ಬಿಟ್ಟು ಗುಳಿಯ ಬಾವುಟವನ್ನಷ್ಟೇ ಹಿಡಿಯುವುದು ಇನ್ನೊಂದು. ಗಂಡ ಅವನ್ನೆಲ್ಲ ಬದಿಗೆ ತಳ್ಳಿ ಕೇಳಿದ್ದು ಎರಡೇ ಪ್ರಶ್ನೆ. ದೂರದ್ದು ಎಷ್ಟು ದೊಡ್ಡದಾಗಿ ಕಾಣುತ್ತೆ? ಮಬ್ಬುಗತ್ತಲಲ್ಲೂ ಕಾಣುತ್ತಾ?

"ಮಬ್ಬುಗತ್ತಲಲ್ಲಿ ಯಾರ್ರೀ ಗಾಲ್ಫ್ ಆಡ್ತಾರೆ?" ಎಂದಿದ್ದಳು.

"ನಿನಗೇನು ಗೊತ್ತು, ಸುಮ್ನಿರು."

ಮಾರಾಟಗಾರ ಪಾಪ, ಮಾತು ತಿರುಗಿಸಿದ್ದ. "ಇದು ಆರು ಪಟ್ಟು ಹತ್ತಿರಕ್ಕೆ ತರುತ್ತೆ ಸರ್. ಗುರಿ ಸಿಕ್ಕಿದ ಕೂಡಲೇ ಕೈಯಲ್ಲಿ ಗುಂಯ್ ಅಂತ ನಡುಗುತ್ತೆ. ಒಂದೇ ಮಾತು, ಐದು ಗಜದೊಳಗೆ ಇರೋದು ಇದಕ್ಕೆ ಲೆಕ್ಕಕ್ಕೇ ಇಲ್ಲ."

"ಅಷ್ಟು ಹತ್ತಿರದ್ದು ಯಾರಿಗೆ ಬೇಕು ಬಿಡಪ್ಪಾ" ಎಂದು ಗಂಡ ನಕ್ಕಿದ್ದ.

ಆ ರಾತ್ರಿ ಕಳೆದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಅವಳು ಚೀಲದಿಂದ ಅದನ್ನು ತೆಗೆದಳು. ಕಿಟಕಿ ಸರಿಸಿ ಟ್ಯಾಂಕಿನ ಕಂಬಕ್ಕೆ ಹಿಡಿದಳು. ಟಿಕ್. ಇನ್ನೂರ ನಲವತ್ತು. ಇನ್ನೊಮ್ಮೆ. ಮತ್ತೂ ಇನ್ನೂರ ನಲವತ್ತು. ಎದುರು ಕಟ್ಟಡದ ಒಂದೊಂದೇ ಮಹಡಿ ಇಳಿಯುತ್ತ ಬಂದಳು. ನಾಲ್ಕನೇ ಮಹಡಿ, ಮೂಲೆಯ ಕಿಟಕಿಯ ಚೌಕಟ್ಟು. ಗುಂಯ್ ಎಂದಿತು.

ನೂರ ಎಂಬತ್ತು.

ಮೈಯೆಲ್ಲ ಉರಿದುಹೋಯಿತು. ಆ ಮನೆಯ ಪರದೆಯ ಮಡಿಕೆ ಸಹ ಎಣಿಸುವಷ್ಟು ಹತ್ತಿರ ಬಂದಿತ್ತು. ಬರಿಗಣ್ಣಿಗೆ ಬೆಂಕಿಪೊಟ್ಟಣದಷ್ಟೂ ಕಾಣದ ಕಿಟಕಿ.

ಸ್ನಾನದ ಮನೆಯ ಬಾಗಿಲು ತೆರೆಯಿತು. ಅವಳು ಕಣ್ಣಿನಿಂದ ಅದನ್ನು ಇಳಿಸದೆಯೇ ಅವನತ್ತ ತಿರುಗಿದಳು.

"ಏಯ್, ಅದನ್ನ ಯಾಕೆ ಮುಟ್ಟಿದೆ?"

"ನಿಮ್ಮನ್ನ ಅಳೀತಿದ್ದೆ" ಎಂದಳು. "ಏನೂ ತೋರಿಸ್ತಿಲ್ಲ."

ಭಾನುವಾರ ಪಂದ್ಯ ಮುಗಿಸಿ ಗಂಡ ಗೆಳೆಯನನ್ನು ಕರೆತಂದ. ಯಾವ ಹೊಡೆತ ಹೊಡೆದರೂ ಚೆಂಡು ಮರಳಗುಂಡಿಗೇ ಬೀಳುವುದರಿಂದ ಆ ಗೆಳೆಯನಿಗೆ ಎಲ್ಲರೂ ಇಟ್ಟ ಹೆಸರು ಮರಳಪ್ಪ. ಇಬ್ಬರೂ ಬಾಲ್ಕನಿಯಲ್ಲಿ ಕುಳಿತರು. ಅಡುಗೆಮನೆಯ ಕಿಟಕಿ ಬಾಲ್ಕನಿಗೇ ತೆರೆಯುತ್ತದೆಂಬುದು ಈ ಮನೆಯ ಗಂಡಸಿಗೆ ಇನ್ನೂ ತಿಳಿದಿರಲಿಲ್ಲ.

"ಹೇಗಿದಾಳೋ?" ಮರಳಪ್ಪನ ದನಿ.

"ಮುಖ ಸರಿಯಾಗಿ ಕಾಣಲ್ಲ ಕಣೋ. ತೆಳು ಪರದೆ, ಬಿಟ್ಟ ಕೂದಲು. ಆದ್ರೆ ಆ ಕುಣಿತ! ಎಡಕ್ಕೆ ತಿರುಗುವಾಗ ಒಂಚೂರು ತಡೆದು ತಿರುಗ್ತಾಳೆ ನೋಡು, ಅದೇ ಚೆಂದ. ಮೈಯಲ್ಲಿ ಮೂಳೇನೇ ಇಲ್ವೇನೋ ಅನ್ನಿಸುತ್ತೆ. ನಮ್ಮನೇಲೂ ಒಬ್ಬಳಿದಾಳೆ, ನಡೆದ್ರೆ ಕೆಳಗಿನ ಮನೆ ಫ್ಯಾನು ಅಲ್ಲಾಡುತ್ತೆ."

"ದೂರದ ಬೆಟ್ಟ ನುಣ್ಣಗೆ ಕಣಪ್ಪ."

"ಅದಕ್ಕೇ ತಾನೇ ಈ ಯಂತ್ರ ತಂದಿದ್ದು!"

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

"ಹೆಂಡ್ತಿಗೆ ಗೊತ್ತಾದ್ರೆ?"

"ಎಲ್ಲಿ ಗೊತ್ತಾಗುತ್ತೆ? ದಿನಾ ಅವಳಿಗೆ ಓವರ್‌ಟೈಮು. ಅವಳು ಮನೆ ಸೇರೋ ಹೊತ್ತಿಗೆ ಅಲ್ಲಿ ದೀಪ ಆರಿರುತ್ತೆ. ಅದೃಷ್ಟ ಅಂದ್ರೆ ಇದು."

ಅವಳ ಕೈಯಲ್ಲಿದ್ದ ಲೋಟ ಸಿಂಕಿಗೆ ಬಿದ್ದು ಠಣ್ ಎಂದಿತು. ಹೋಗಿ ಆ ಯಂತ್ರವನ್ನು ಅವನ ಕಣ್ಣೆದುರೇ ರಸ್ತೆಗೆ ಎಸೆಯಬೇಕೆಂದು ತೋಳು ತುಡಿಯಿತು. ಎಸೆದರೆ ಮಾತು ಬೆಳೆಯುತ್ತದೆ. ಮಾತು ಬೆಳೆದರೆ ಆ ಮನೆಯ ವಿಷಯವೂ ಹೊರಗೆ ಬರುತ್ತದೆ. ಹಲ್ಲು ಕಚ್ಚಿ ನಲ್ಲಿ ತಿರುಗಿಸಿದಳು.

ಸೋಮವಾರ ಸಂಜೆ ಅವಳು ಕಚೇರಿಯಿಂದ ನೇರ ಮನೆಗೆ ಹೋಗಲಿಲ್ಲ. ಮೈದಾನ ದಾಟಿ ಎದುರು ಕಟ್ಟಡದ ಮೆಟ್ಟಿಲು ಹತ್ತಿದಳು. ಒಂದೊಂದು ಮೆಟ್ಟಿಲಿಗೂ ಎಡಗಾಲು ಲಟಲಟ ಎನ್ನುತ್ತಿತ್ತು. ಎದುರಾದ ಕಾವಲುಗಾರ ಅವಳ ಮುಖ ನೋಡಿ ಪಕ್ಕಕ್ಕೆ ಸರಿದ. ನಾಲ್ಕನೇ ಮಹಡಿಯ ಮೂಲೆ ಮನೆಯೆದುರು ನಿಂತಾಗ ಕೋಪಕ್ಕೆ ಉಸಿರು ಕಟ್ಟಿತ್ತು.

ಕದ ತಟ್ಟಲಿಲ್ಲ. ಕುಂಡದ ಗಿಡಗಳಿಗೆ ನೀರು ಹಾಕೆಂದು ಹೇಳಿ ಪರದೇಶಕ್ಕೆ ಹೋದ ಗೆಳತಿ ಬಿಟ್ಟುಹೋಗಿದ್ದ ಬೀಗದ ಕೈ ಅವಳ ಪರ್ಸಿನಲ್ಲೇ ಇತ್ತು. ಒಳಗೆ ಹೋಗಿ ದೀಪ ಹಾಕಿದಳು, ಗಿಡಗಳಿಗೆ ನೀರು ಹಾಕಿದಳು, ಓವರ್‌ಟೈಮೆಂದು ಹೇಳಿದ ಸಂಜೆಗಳಲ್ಲೆಲ್ಲ ಮಾಡುವಂತೆ ತುರುಬು ಬಿಚ್ಚಿ ಕೂದಲು ಹರಡಿಕೊಂಡಳು.

ಆಮೇಲೆ ಗೆಳತಿಯ ಕಪಾಟಿನಿಂದ ದಪ್ಪನೆಯ ರಗ್ಗೊಂದನ್ನು ತೆಗೆದು ಕಿಟಕಿಗೆ ಅಡ್ಡಲಾಗಿ ಬಿಗಿದಳು. ನೂರ ಎಂಬತ್ತು ಗಜದಾಚೆ ನಿಂತರಷ್ಟೇ ಗಂಡನಿಗೆ ಚೆಂದ ಕಾಣುವ ಆ ಹೆಂಗಸು ಯಾರೆಂಬುದನ್ನು, ಗೆಳತಿಗೂ ಸಹ, ಯಾರಿಗೂ ಹೇಳಬಾರದೆಂದು ತೀರ್ಮಾನಿಸಿ, ಎಡಕ್ಕೆ ಒಂಚೂರು ತಡೆದು ತಿರುಗಿದಳು.