ಕೆಚ್ಚಲು ಬಾವು

ಆರು ಹಸುಗಳ ಆ ಸಾವಯವ ಕೊಟ್ಟಿಗೆಯನ್ನು ಗಂಡ ಹೆಂಡತಿ ಇಬ್ಬರೇ ಒಂದು ದಿನವೂ ಬಿಡುವಿಲ್ಲದೆ ನಡೆಸುತ್ತಿದ್ದರು. ಇಂಗ್ಲಿಷ್ ಔಷಧ ಮುಟ್ಟಿಸಿದರೆ ಸರ್ಟಿಫಿಕೇಟು ಹೋಗುತ್ತದೆಂದು ಗಂಡ ಮಾದೇಶ ಮೊದಲೇ ಹೇಳಿದ್ದ. ಹೋದ ವರ್ಷ ಕೆಚ್ಚಲು ಬಾವು ಬಂದ ಹಸುವಿಗೆ ಐದು ದಿನ ಅರಿಶಿನ, ಲೋಳೆಸರ ಅರೆದು ಹಚ್ಚಿದರು. ಆರನೆಯ ದಿನ ಅದನ್ನು ಹಿತ್ತಲಲ್ಲಿ ಮಣ್ಣು ಮಾಡಿದರು.

ಈ ಸಲ ಅದರ ಮಗಳಿಗೆ, ಚೊಚ್ಚಲ ಕರು ಹಾಕಿದ ಹದಿನೈದೇ ದಿನಕ್ಕೆ, ಅದೇ ಬಾವು ಬಂತು. ಹೇಗೋ ಉಳಿದುಕೊಂಡಿತು.

ವಾರದ ನಂತರ ಸರ್ಟಿಫಿಕೇಟಿನ ತಪಾಸಣೆಗೆ ಬಂದ ಮೇಡಂ ಕೊಟ್ಟಿಗೆ ನೋಡಿ, ಜಗಲಿಯಲ್ಲಿ ಕುಳಿತು ಕೇಳಿದರು.

"ಔಷಧ ಏನಾದ್ರೂ ಕೊಟ್ಟಿದ್ದೀರಾ?"

"ಇಲ್ಲ ಮೇಡಂ," ಎಂದ ಮಾದೇಶ.

"ಕೊಟ್ಟಿದ್ದೀನಿ," ಎಂದಳು ಹೆಂಡತಿ ರೇವಮ್ಮ. "ಇವ್ರಿಗೆ ಗೊತ್ತಾಗದ ಹಾಗೆ ಡಾಕ್ಟರನ್ನ ಕರೆಸಿ ಮೂರು ದಿನ ಇಂಜೆಕ್ಷನ್ ಹಾಕಿಸಿದೆ. ಇನ್ನೊಂದು ಸಾಯೋದನ್ನ ನೋಡೋ ಶಕ್ತಿ ನನಗಿರಲಿಲ್ಲ. ಸರ್ಟಿಫಿಕೇಟು ತಗೊಂಡು ಹೋಗಿ."



"ಅದರ ಹಾಲು ಮಾರಿದ್ರಾ?" ಎಂದರು ಮೇಡಂ.

"ಇಲ್ಲ. ಇವತ್ತಿಗೂ ಚೆಲ್ತಾ ಇದ್ದೀನಿ."

"ಹಾಗಾದ್ರೆ ಸರಿ," ಎಂದು ಮೇಡಂ ಸಹಿ ಹಾಕಿದರು. "ಬೇರೆ ದಾರಿ ಇಲ್ಲದಾಗ ಔಷಧ ಕೊಡಿ ಅಂತ ನಿಯಮದಲ್ಲೇ ಇದೆಯಲ್ಲ. ಕೊಡಬಾರದು ಅಂತ ನಿಮಗೆ ಹೇಳಿದ್ದು ಯಾರು?"